ನೀರು ಮೊದ್ಲ, ಬೆಂಕಿ ಆಮ್ಯಾಲ

ಅಹಮದಾಬಾದಿಗೆ ವರ್ಗವಾಗಿ ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬರು "ಭಾನುವಾರ ಗುಜರಿಗೆ ಹೋಗಿದ್ದೆ" ಎಂದಾಗ, ಮನೆಯ ಹಳೆಯ ಫ್ಯಾನನ್ನೋ ಪತ್ರಿಕೆಗಳ ಕಟ್ಟನ್ನೋ ತೂಕಕ್ಕೆ ಹಾಕಿ ಬಂದಿರಬೇಕು ಎಂದುಕೊಂಡಿದ್ದೆ. ನಮ್ಮ ಕಡೆ ಗುಜರಿ ಎಂದರೆ ಮುರಿದದ್ದನ್ನು ಕೊಟ್ಟು ಬರುವ ಜಾಗ. ಇಲ್ಲಿ ಅದು ಸಾಬರಮತಿಯ ದಂಡೆಯಲ್ಲಿ, ಎಲಿಸ್ ಬ್ರಿಜ್ಜಿನ ಸಮೀಪ, ಭಾನುವಾರ ನೆರೆಯುವ ದೊಡ್ಡ ಸಂತೆ. ರವಿವಾರಿ ಎಂದೂ ಕರೆಯುತ್ತಾರೆ. ಮಂಚದ ಕಾಲು, ಹಿತ್ತಾಳೆಯ ಬೀಗ, ಕುರಿ, ಕೋಳಿ, ಯಾರದೋ ಮದುವೆಯ ಫೋಟೋದ ಚೌಕಟ್ಟು, ಎಲ್ಲವೂ ಅಲ್ಲುಂಟು. ಪುಸ್ತಕಗಳೂ ಉಂಟು. ಇಂಗ್ಲಿಷ್ ಎಂ.ಎ. ಓದಿ ಕಡತಗಳ ನಡುವೆ ಬದುಕುವವನಿಗೆ ಇಂಥ ಸಂತೆಯ ಪುಸ್ತಕದ ರಾಶಿ ಒಂದು ಬಗೆಯ ತವರು.

ಅಂಥದೊಂದು ಭಾನುವಾರ, ಒಂಬತ್ತು ವರ್ಷದ ಮಗಳ ಕೈ ಹಿಡಿದು ಅಲೆಯುತ್ತಿದ್ದಾಗ, ರಟ್ಟು ಕಿತ್ತ ಒಂದು ಸಂಪುಟ ಸಿಕ್ಕಿತು. 1898ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ಮಾಡೆಲ್ ಎಂಜಿನಿಯರ್' ಪತ್ರಿಕೆಯ, ಕಳೆದ ಶತಮಾನದ ನಡುಭಾಗದ ಕೆಲವು ಸಂಚಿಕೆಗಳ ಕಟ್ಟು ಅದು. ಮಗಳು ಒಂದು ಚಿತ್ರದ ಮೇಲೆ ಬೆರಳಿಟ್ಟು ನಕ್ಕಳು. ಟೋಪಿ, ಟೈ, ಕೋಟು ಧರಿಸಿದ ದೊಡ್ಡ ಮನುಷ್ಯನೊಬ್ಬ ಹಲಗೆಯಂಥ ಗಾಡಿಯ ಮೇಲೆ ಕಾಲು ಚಾಚಿ ಕುಳಿತಿದ್ದಾನೆ. ಅವನ ಮುಂದೆ ಮೊಣಕಾಲೆತ್ತರದ ಉಗಿ ಎಂಜಿನ್. ಹಿಂದೆ ನಾಲ್ಕೈದು ಮಕ್ಕಳು. ಎಂಜಿನ್ ಅವರೆಲ್ಲರನ್ನೂ ಎಳೆಯುತ್ತಿದೆ. ಹೊಗೆ ನಿಜದ್ದು.

"ಇದು ಆಟಿಕೆಯಾ, ರೈಲಾ?" ಎಂದು ಮಗಳು ಕೇಳಿದಳು. ಎಂಬತ್ತು ರೂಪಾಯಿ ಕೊಟ್ಟು ಸಂಪುಟ ಕೊಂಡೆ. ಉತ್ತರ ಮಾತ್ರ ಒಡನೆ ಹೊಳೆಯಲಿಲ್ಲ.

ಆ ಸಂಪುಟವನ್ನು ರಾತ್ರಿ ಹೊತ್ತು ಓದುತ್ತ ಹೋದಂತೆ ಇಂಗ್ಲೆಂಡಿನ ಇಂಥ ಕ್ಲಬ್ಬುಗಳ ಭಾನುವಾರ ಹೇಗೆ ಬೆಳಗಾಗುತ್ತದೆ ಎಂಬುದು ಕಣ್ಣಿಗೆ ಕಟ್ಟತೊಡಗಿತು. ಸದಸ್ಯರು ಗಾಡಿಯಿಂದ ತಮ್ಮ ಎಂಜಿನನ್ನು ಇಬ್ಬರು ಮೂವರು ಸೇರಿ ಇಳಿಸುತ್ತಾರೆ. ಹಳಿಯ ಅಗಲ ಮೂರೂವರೆ ಇಂಚು, ಐದು ಇಂಚು ಅಥವಾ ಏಳೂಕಾಲು ಇಂಚು. ಸಣ್ಣ ಅಳತೆಯ ಹಳಿಗಳನ್ನು ಕಂಬಗಳ ಮೇಲೆ ಎತ್ತರಿಸಿ ಹಾಯಿಸಿರುತ್ತಾರೆ. ಇಲ್ಲದಿದ್ದರೆ ಚಾಲಕ ತನ್ನ ಕಾಲನ್ನು ಇಡುವುದಾದರೂ ಎಲ್ಲಿ? ಬಾಯ್ಲರಿಗೆ ನೀರು ತುಂಬಿ, ಗಾಜಿನ ಕೊಳವೆಯಲ್ಲಿ ಮಟ್ಟ ನೋಡಿಕೊಂಡು, ಸೀಮೆಎಣ್ಣೆಯಲ್ಲಿ ನೆನೆಸಿದ ಇದ್ದಿಲಿಗೆ ಬೆಂಕಿ ತಗುಲಿಸುತ್ತಾರೆ. ಹೊಗೆಕೊಳವೆಯ ಬಾಯಿಗೆ ಪುಟ್ಟದೊಂದು ಫ್ಯಾನು ಕೂರಿಸಿ ಗಾಳಿ ಎಳೆಸುತ್ತಾರೆ. ಒತ್ತಡ ತುಸು ಏರಿದ ಮೇಲೆ ಫ್ಯಾನು ಬೇಡ. ಎಂಜಿನು ತನ್ನದೇ ಉಗಿಯಿಂದ ಉಸಿರೆಳೆಯಲು ಕಲಿಯುತ್ತದೆ. ಆಗ ಕಲ್ಲಿದ್ದಲು, ಚಮಚದಷ್ಟು ಸಣ್ಣ ಸಲಿಕೆಯಲ್ಲಿ. ಅಷ್ಟರಲ್ಲಿ ಕೀಲುಕೀಲಿಗೂ ಎಣ್ಣೆ ಬಿದ್ದಿರಬೇಕು. ಅಪ್ಪಟ ಎಂಜಿನಿಗೆ ಉಗಿ ಏರಲು ಹಲವು ತಾಸು ಹಿಡಿದರೆ ಇದಕ್ಕೆ ಅರ್ಧ ತಾಸೂ ಬೇಡ. ಆದರೆ ಏರಿದಷ್ಟೇ ಬೇಗ ಇಳಿಯುತ್ತದೆ ಕೂಡ. ಚಾಲಕ ಒಂದು ಸುತ್ತಿನಲ್ಲಿ ಮೈಮರೆತರೆ ಮುಗಿಯಿತು: ಬೆಂಕಿ ಸಾಯುತ್ತದೆ, ಇಲ್ಲವೇ ನೀರು ತಳ ಕಾಣುತ್ತದೆ.

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎನ್ನುತ್ತೇವೆ. ಯಂತ್ರದ ವಿಷಯದಲ್ಲಿ ಮೂರ್ತಿಯನ್ನು ಚಿಕ್ಕದು ಮಾಡುವುದೇ ದೊಡ್ಡ ತಲೆನೋವು. ಉದ್ದವನ್ನು ಹನ್ನೆರಡನೆಯ ಒಂದಕ್ಕೆ ಇಳಿಸಿದರೆ ಮೇಲ್ಮೈ 144ನೆಯ ಒಂದಾಗುತ್ತದೆ, ಗಾತ್ರ 1728ನೆಯ ಒಂದು. 60 ಟನ್ನಿನ ಎಂಜಿನ್ ಆ ಲೆಕ್ಕದಲ್ಲಿ 35 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಒಳಗಿನ ನೀರು ಹೀಗೆ ಕುಗ್ಗಿದಾಗ ಶಾಖ ಸೋರುವ ಮೇಲ್ಮೈ ಅದಕ್ಕೆ ಹೋಲಿಸಿದರೆ ಹನ್ನೆರಡು ಪಟ್ಟು ಹೆಚ್ಚಾಗಿರುತ್ತದೆ. ಬೆಂಕಿಯನ್ನು ಕುಗ್ಗಿಸಬಹುದು, ಅದರ ಕಾವನ್ನು ಕುಗ್ಗಿಸಲಾಗದು. ಮಟ್ಟ ತೋರುವ ಗಾಜಿನ ಕೊಳವೆಯನ್ನು ತೀರ ಸಪುರ ಮಾಡಿದರೆ ನೀರು ಅದರ ಗೋಡೆಗೆ ಅಂಟಿಕೊಂಡು ಸುಳ್ಳು ಹೇಳುತ್ತದೆ. ಒತ್ತಡವಂತೂ ಆಟದ್ದಲ್ಲ: ಚದರ ಇಂಚಿಗೆ 80–100 ಪೌಂಡು. ಆದ್ದರಿಂದಲೇ ಅಲ್ಲಿನ ಕ್ಲಬ್ಬುಗಳಲ್ಲಿ ತಾಮ್ರದ ಹೊಸ ಬಾಯ್ಲರಿಗೆ ಮೊದಲು ತಣ್ಣೀರು ತುಂಬಿ, ಕೆಲಸದ ಒತ್ತಡದ ಎರಡರಷ್ಟನ್ನು ಹೇರಿ ಪರೀಕ್ಷಿಸುತ್ತಾರೆ. ಪ್ರಮಾಣಪತ್ರವಿಲ್ಲದ ಎಂಜಿನಿಗೆ ಹಳಿಯಿಲ್ಲ. ಸರ್ಕಾರಿ ನೌಕರನಾದ ನನಗೆ ಈ ನಿಯಮ ಓದಿ ಒಂದು ಬಗೆಯ ನೆಮ್ಮದಿಯೇ ಆಯಿತು.

ಈ ಹವ್ಯಾಸಕ್ಕೆ ಇಂದಿನ ರೂಪ ಕೊಟ್ಟವರಲ್ಲಿ ಒಬ್ಬ, 'ಎಲ್‌ಬಿಎಸ್‌ಸಿ' ಎಂಬ ಅಂಕಿತದಲ್ಲಿ ಬರೆಯುತ್ತಿದ್ದವ. ಲಂಡನ್, ಬ್ರೈಟನ್ ಆ್ಯಂಡ್ ಸೌತ್ ಕೋಸ್ಟ್ ರೈಲ್ವೆಯ ಮೊದಲಕ್ಷರಗಳು ಅವು. ತಾನು ಹಿಂದೆ ದುಡಿದ ಕಂಪನಿಯ ಹೆಸರನ್ನೇ ಕಾವ್ಯನಾಮ ಮಾಡಿಕೊಂಡಿದ್ದ. 1920ರ ದಶಕದ ಆರಂಭದಲ್ಲಿ, ಇಷ್ಟು ಸಣ್ಣ ಎಂಜಿನುಗಳಿಗೆ ಸ್ಪಿರಿಟ್ ದೀಪವೇ ಸರಿ, ಕಲ್ಲಿದ್ದಲು ಆಗಿಬರದು ಎಂಬ ನಂಬಿಕೆಯಿತ್ತು. ಇವನು ಎರಡೂವರೆ ಇಂಚು ಹಳಿಯ ತನ್ನ 'ಆಯೇಷಾ' ಎಂಬ ಎಂಜಿನಿನಲ್ಲಿ ಕಲ್ಲಿದ್ದಲು ಉರಿಸಿ ಬೆಳೆದ ಮನುಷ್ಯರನ್ನು ಎಳೆಸಿ ತೋರಿಸಿದ. ಬಾಯ್ಲರುಗಳ ಯುದ್ಧ ಎಂದೇ ಆ ವಿವಾದ ಹೆಸರಾಯಿತು. ಬಳಿಕ ದಶಕಗಟ್ಟಲೆ ಅವನು ಬರೆದ ಅಂಕಣಗಳನ್ನು ಓದಿ ಸಾಮಾನ್ಯ ಕೆಲಸಗಾರರು ಹಿತ್ತಲ ಕೊಟ್ಟಿಗೆಯಲ್ಲಿ ಲೇತು ಇಟ್ಟುಕೊಂಡು ಎಂಜಿನ್ ಕಟ್ಟಿದರು. ಕಬ್ಬಿಣ ಕಾಯಿಸುವ ಕೈಯೇ ಭಾನುವಾರ ಅದನ್ನು ಓಡಿಸುವ ಕೈಯೂ ಆಗಿತ್ತು ಎಂಬುದನ್ನು ಓದುಗರು ಒಂದು ಕ್ಷಣ ನೆನಪಿನಲ್ಲಿಟ್ಟುಕೊಳ್ಳಬೇಕು. ಗುಜರಾತಿನಲ್ಲಿ ಪುಟ್ಟ ರೈಲು ಬಂದ ದಾರಿ ಬೇರೆ.

ಇಲ್ಲಿ ಅದು ಮೊದಲು ಬಂದದ್ದು ಮೋಜಿಗಾಗಿ ಅಲ್ಲ, ಅಗ್ಗವೆಂದು. ಬಾಂಬೆ, ಬರೋಡ ಆ್ಯಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯ ಅಗಲ ಹಳಿ 1860ರಲ್ಲಿ ಸೂರತ್ ಆಸುಪಾಸಿನಲ್ಲಿ ಶುರುವಾಗಿ ಉತ್ತರಕ್ಕೆ ಚಾಚಿ, 1863ರ ಹೊತ್ತಿಗೆ ಅಹಮದಾಬಾದನ್ನು ಮುಟ್ಟಿತು. ಅಮೆರಿಕದ ಅಂತರ್ಯುದ್ಧದಿಂದಾಗಿ ಹಿಂದುಸ್ತಾನದ ಹತ್ತಿಗೆ ಬಂಗಾರದ ಬೆಲೆ ಬಂದ ವರ್ಷಗಳವು. ನಮ್ಮ ಧಾರವಾಡ ಸೀಮೆಯಲ್ಲಿ 'ಧಾರವಾಡ ಅಮೆರಿಕನ್' ಹತ್ತಿ ಹೆಸರು ಮಾಡಿದ್ದೂ ಆ ಕಾಲದಲ್ಲೇ. ಬರೋಡ ಸಂಸ್ಥಾನದ ಡಭೋಯಿಯ ಸುತ್ತಲೂ ಹತ್ತಿಯ ನೆಲ. ಅಲ್ಲಿಂದ ಮುಖ್ಯ ಹಳಿಯ ಮಿಯಾಗಾಮ್‌ಗೆ ಸುಮಾರು 32 ಕಿಲೋಮೀಟರ್. ಮಹಾರಾಜ ಖಂಡೇರಾವ್ ಗಾಯಕವಾಡ 1862ರಲ್ಲಿ ಅಲ್ಲಿ ಎರಡೂವರೆ ಅಡಿ ಅಗಲದ ಹಳಿ ಹಾಕಿಸಿದ. ಭಾರತದ ಮೊದಲ ನ್ಯಾರೋಗೇಜ್ ಅದು. ಎಳೆಯುತ್ತಿದ್ದವು ಎತ್ತುಗಳು.

ಈ ಖಂಡೇರಾವನೇ ಲಕ್ಷಾಂತರ ಮುತ್ತುಗಳನ್ನು ಪೋಣಿಸಿದ ಹೆಸರಾಂತ ಜಮಖಾನೆಯನ್ನು ಮಾಡಿಸಿದವ. ಜಮಖಾನೆಗೆ ಮುತ್ತು; ರೈಲಿಗೆ ಗಜಕ್ಕೆ 13 ಪೌಂಡಿನ ಸಣಕಲು ಹಳಿ. ಇಂದಿನ ಲೆಕ್ಕಕ್ಕೆ ತಂದರೆ ಮೀಟರಿಗೆ ಆರೂವರೆ ಕಿಲೋ. ಈಗಿನ ಮುಖ್ಯ ಮಾರ್ಗಗಳ ಹಳಿ ಮೀಟರಿಗೆ 60 ಕಿಲೋ. 1863ರಲ್ಲಿ ಸ್ಕಾಟ್ಲೆಂಡಿನ ನೀಲ್ಸನ್ ಕಂಪನಿಯಿಂದ ಪುಟ್ಟ ಉಗಿ ಎಂಜಿನುಗಳು ಬಂದವು. ವೇಲ್ಸಿನ ಫೆಸ್ಟಿನಿಯೋಗ್ ಎಂಬ ಸಣ್ಣ ಹಳಿಯಲ್ಲಿ ಕುದುರೆ ಹೋಗಿ ಉಗಿ ಬಂದದ್ದೂ ಅದೇ ವರ್ಷ. ಪ್ರಪಂಚದ ಸಣ್ಣ ರೈಲುಗಳ ಇತಿಹಾಸದಲ್ಲಿ ಫೆಸ್ಟಿನಿಯೋಗ್‌ಗೆ ಅಧ್ಯಾಯಗಳೇ ಮೀಸಲು. ಡಭೋಯಿಗೆ ಒಂದು ವಾಕ್ಯ ಸಿಕ್ಕರೆ ಹೆಚ್ಚು. ಅದಕ್ಕೆ ಕಾರಣವೂ ಇದೆ ಅನ್ನಿ. ನೀಲ್ಸನ್ ಎಂಜಿನಿನ ಭಾರವನ್ನು ಡಭೋಯಿಯ ಹಳಿ ತಾಳಲಿಲ್ಲ. ಎಂಜಿನ್ ಅಪರೂಪಕ್ಕೆ ಓಡಿತು. ಎತ್ತುಗಳು ಮತ್ತೆ ನೊಗಕ್ಕೆ ಬಂದವು. ಭಾರವಾದ ಹಳಿ ಹಾಕಿ ಉಗಿ ರೈಲನ್ನು ಕ್ರಮವಾಗಿ ಓಡಿಸಲು 1873 ಬರಬೇಕಾಯಿತು. ಅಷ್ಟರಲ್ಲಿ ಖಂಡೇರಾವ್ ತೀರಿಕೊಂಡು ಅವನ ತಮ್ಮ ಮಲ್ಹಾರರಾವ್ ಗಾದಿಯಲ್ಲಿದ್ದ. ಹತ್ತು ವರ್ಷ ಎಂಜಿನ್ ಇದ್ದೂ ಎತ್ತು ಎಳೆದ ರೈಲು! ನನ್ನ ಕಚೇರಿಯಲ್ಲಿ ಕಂಪ್ಯೂಟರ್ ಬಂದ ಮೇಲೂ ರಿಜಿಸ್ಟರ್ ಬರೆದ ಕಾಲ ನೆನಪಾಗಿ ನಕ್ಕೆ.

ಮುಂದೆ ಸಯಾಜಿರಾವ್ ಗಾಯಕವಾಡರ ದೀರ್ಘ ಆಳ್ವಿಕೆಯಲ್ಲಿ ಡಭೋಯಿಯಿಂದ ದಿಕ್ಕುದಿಕ್ಕಿಗೆ ಸಣ್ಣ ಹಳಿಗಳು ಹರಡಿದವು. ಸೂರತ್ತಿನಾಚೆ, ಬಿಲಿಮೋರಾದಿಂದ ಡಾಂಗ್ ಕಾಡಿನಂಚಿನ ವಘಾಯಿಗೆ 63 ಕಿಲೋಮೀಟರಿನ ಹಳಿಯೂ ಗಾಯಕವಾಡರದೇ, 1910ರ ದಶಕದ್ದು. 1919ರಲ್ಲಿ ಬರೋಡದ ಗೋಯಾ ಗೇಟ್ ಬಳಿ, ಇಂದಿನ ಪ್ರತಾಪನಗರದಲ್ಲಿ, ಇವುಗಳ ಕಾರ್ಯಾಗಾರಕ್ಕೆ ಅಡಿಗಲ್ಲು ಬಿತ್ತು. ಇದೇ ದಶಕದಲ್ಲಿ ನಮ್ಮ ಮೈಸೂರು ಸಂಸ್ಥಾನವೂ ಬೆಂಗಳೂರು–ಚಿಕ್ಕಬಳ್ಳಾಪುರ ನಡುವೆ ಎರಡೂವರೆ ಅಡಿಯ ಹಳಿ, ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇನ್ನೂ ಸಪುರವಾದ ಎರಡಡಿಯ ಟ್ರಾಮ್ ಹಾಕುತ್ತಿತ್ತು. ಆಗ ಅಲ್ಲಿ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1890ರ ದಶಕದಲ್ಲಿ ಸೂರತ್ತಿನಲ್ಲಿ ಎಂಜಿನಿಯರರಾಗಿ ದುಡಿದವರು. ದೇಶೀ ಸಂಸ್ಥಾನಗಳಿಗೆ ಸಣ್ಣ ಹಳಿ ಎಂದರೆ ಕೈಗೆಟಕುವ ಪ್ರಗತಿ. ಹೊಲದ ಬದುವಿಗೆ, ಕಾಡಿನ ಬುಡಕ್ಕೆ ಹೋಗಿ ನಿಲ್ಲುವ ರೈಲು ಅದು. ಅದನ್ನು ಯಾರೂ ಆಟಿಕೆ ಎನ್ನಲಿಲ್ಲ.

ಆಟಿಕೆ ಅರಮನೆಯಲ್ಲಿತ್ತು. ಬರೋಡದ ಲಕ್ಷ್ಮೀವಿಲಾಸ ಅರಮನೆಯನ್ನು ನೋಡಿದವರು ಬಹಳ ಮಂದಿ ಇದ್ದೀರಿ. ಮೇಜರ್ ಚಾರ್ಲ್ಸ್ ಮಾಂಟ್ ನಕ್ಷೆ ಬರೆದು, ಅವನ ನಂತರ ರಾಬರ್ಟ್ ಚಿಸಮ್ ಮುಗಿಸಿ, 1890ರಲ್ಲಿ ಸಿದ್ಧವಾದ ಕಟ್ಟಡ. ಅದರ ಆವರಣದಲ್ಲೇ ಮಹಾರಾಜರ ಮಕ್ಕಳಿಗೆಂದು ಕಟ್ಟಿದ ಶಾಲೆಯೊಂದಿತ್ತು. ಇಂದು ಅದು ಮಹಾರಾಜ ಫತೇಸಿಂಗ್ ವಸ್ತುಸಂಗ್ರಹಾಲಯ, ರವಿವರ್ಮನ ಚಿತ್ರಗಳಿಗೆ ಹೆಸರುವಾಸಿ. ಅರಮನೆಯಿಂದ ಶಾಲೆಗೆ ಮಕ್ಕಳು ಹೋಗಿಬರುತ್ತಿದ್ದದ್ದು ಮಾವಿನ ತೋಪನ್ನು ಬಳಸಿ ಸಾಗುವ ಒಂದು ಪುಟಾಣಿ ರೈಲಿನಲ್ಲಿ. ಆ ಎಂಜಿನನ್ನು ಸಂಗ್ರಹಾಲಯದ ಬಾಗಿಲ ಬಳಿ ನಿಲ್ಲಿಸಿದ್ದಾರೆ. ರಾಜರಿಗೆ ಇಂಥ ಹುಚ್ಚು ಹೊಸದೇನಲ್ಲ: ಗ್ವಾಲಿಯರಿನ ಸಿಂಧಿಯಾ ಅರಮನೆಯಲ್ಲಿ ಊಟದ ಮೇಜಿನ ಮೇಲೆ ಅತಿಥಿಗಳಿಗೆ ಬ್ರಾಂದಿ, ಸಿಗಾರ್ ಹೊತ್ತು ಸುತ್ತುವ ಬೆಳ್ಳಿಯ ರೈಲು ಇಂದಿಗೂ ಪ್ರವಾಸಿಗರ ಆಕರ್ಷಣೆ.

ಮಗಳನ್ನು ಕರೆದುಕೊಂಡು ಆ ಎಂಜಿನ್ ನೋಡಲು ಹೋದೆ. ರವಿವರ್ಮನ ಮುಂದೆ ಜನ ನೆರೆದಿದ್ದರು. ಎಂಜಿನ್ ಬಳಿ ನಾವಿಬ್ಬರೇ. ಬಣ್ಣ ಬಳಿದು ಒಪ್ಪ ಮಾಡಿದ್ದಾರೆ. ಅವಳು ಬಗ್ಗಿ, "ಬೆಂಕಿ ಎಲ್ಲಿ ಹಾಕ್ತಾರೆ?" ಎಂದಳು. ನಾನು ಉಗಿ ಎಂಜಿನಿನ ಬೆಂಕಿಯ ಬಾಯಿ ಯಾವ ಕಡೆ ಇರುತ್ತದೆಂದು ತೋರಿಸಿದೆ. ನನ್ನ ಗಮನ ಬೇರೆ ಕಡೆ ಹೊರಳಿತ್ತು. ರಾಜಕುಮಾರರು ಶಾಲೆಗೆ ಹೊರಡುವ ಮುನ್ನ ಯಾರೋ ಒಬ್ಬ ಎದ್ದು, ಈ ಪುಟ್ಟ ಬಾಯ್ಲರಿಗೆ ನೀರು ಹಿಡಿದು, ಬೆಂಕಿ ಹೂಡಿ, ಎಣ್ಣೆ ಹಾಕಿ, ಮಾವಿನ ಮರದ ಕೆಳಗೆ ಕಾಯುತ್ತಿದ್ದಿರಬೇಕಲ್ಲ. ಮಕ್ಕಳು ಆಡಿದರು. ಅವನು ಆಡಿದನೇ? ಅವನಿಗೂ ಮಕ್ಕಳಿದ್ದಿದ್ದರೆ ಅವರನ್ನು ಒಂದು ಸುತ್ತು ಕೂರಿಸಿದ್ದನೇ?

ನನ್ನ ಅಜ್ಜ ಫಾಯರ್‌ಮನ್ ಆಗಿದ್ದರು. ಹುಬ್ಬಳ್ಳಿಯವರಿಗೆ ಇದೇನು ವಿಶೇಷವಲ್ಲ. 1885ರಲ್ಲಿ ಸದರ್ನ್ ಮರಾಠಾ ರೈಲ್ವೆ ಅಲ್ಲಿ ಕಾರ್ಯಾಗಾರ ತೆರೆದಂದಿನಿಂದ ಊರಿನ ಅರ್ಧ ಮನೆಗಳ ಅನ್ನ ರೈಲಿನದೇ. ಮೀಟರ್ ಗೇಜಿನ ಎಂಜಿನಿನಲ್ಲಿ ಒಂದು ಪಾಳಿಗೆ ಟನ್ನುಗಟ್ಟಲೆ ಕಲ್ಲಿದ್ದಲು ಎಸೆದ ಬಲಗೈಯಲ್ಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಉಗಿ ತಾಗಿ ಬೆಂದು ನುಣುಪಾದ ಚರ್ಮವಿತ್ತು. ಹುಡುಗನಾಗಿದ್ದಾಗ ನಾನು ಅದನ್ನು ಮುಟ್ಟಿ ನೋಡುತ್ತಿದ್ದೆ. ತನ್ನ ಮಕ್ಕಳು ಯಾರೂ ಆ ಕೆಲಸಕ್ಕೆ ಹೋಗಬಾರದೆಂದು ಅಜ್ಜ ಹಟ ಹಿಡಿದರು. ಅಪ್ಪ ಗುಮಾಸ್ತರಾದರು; ನಾನು ವರ್ಡ್ಸ್‌ವರ್ತ್ ಓದಿ ಕಡತದ ಪಾಲಾದೆ. ಅಂಥವನ ಕೈಗೆ ಸಾಬರಮತಿಯ ದಂಡೆಯಲ್ಲಿ, ರಜೆಯ ದಿನ ಟೈ ಕಟ್ಟಿಕೊಂಡು ಕಲ್ಲಿದ್ದಲು ಹಾಕುವವರ ಚಿತ್ರ ಸಿಕ್ಕಿತು. ಅಜ್ಜ ನೋಡಿದ್ದರೆ ಏನನ್ನುತ್ತಿದ್ದರು? ಬೈಯುತ್ತಿದ್ದರು ಎಂದೇ ಮೊದಲು ಅನಿಸಿತು. ಆಮೇಲೆ ಒಂದು ಹಳೆಯ ಸಂಗತಿ ನೆನಪಾಗಿ ಆ ತೀರ್ಮಾನ ಸಡಿಲವಾಯಿತು. ಅದನ್ನು ಕೊನೆಗೆ ಹೇಳುತ್ತೇನೆ.

ಅರಮನೆಯ ಆಟಿಕೆ ಅರಮನೆಯಲ್ಲೇ ಉಳಿಯಲಿಲ್ಲ ಎಂಬುದು ಬರೋಡದ ಕಥೆಯ ಒಳ್ಳೆಯ ಭಾಗ. ವಿಶ್ವಾಮಿತ್ರಿ ನದಿಯ ದಂಡೆಯಲ್ಲಿ ಸಯಾಜಿರಾವ್ 1879ರಲ್ಲಿ ಊರಿಗೆಂದು ಮಾಡಿಸಿದ ಉದ್ಯಾನ ಸಯಾಜಿ ಬಾಗ್; ಊರವರ ಬಾಯಲ್ಲಿ ಕಮಾಟಿ ಬಾಗ್. ಅರಮನೆಯ ಕೊಡುಗೆಯಾಗಿ ಬಂದ ಪುಟಾಣಿ ರೈಲು ಸುಮಾರು ಹತ್ತು ಇಂಚಿನ ಹಳಿಯ ಮೇಲೆ ಅಲ್ಲಿ ದಶಕಗಳ ಕಾಲ ಊರಿನ ಮಕ್ಕಳನ್ನು ಸುತ್ತಿಸಿತು. ಇಂದು ನಡುವಯಸ್ಸು ದಾಟಿದ ಬರೋಡದವರನ್ನು ಕೇಳಿ ನೋಡಿ, ಆ ರೈಲಿನ ಮಾತು ಬಂದರೆ ಮುಖ ಅರಳುತ್ತದೆ. ಈಗ ಅದರ ಜಾಗದಲ್ಲಿ ದೊಡ್ಡ ಅಳತೆಯ 'ಜಾಯ್ ಟ್ರೇನ್' ಬಂದಿದೆ. ಕನ್ನಡಿಗರಿಗೆ ಒಂದು ಉಪಕಥೆ: ಬೆಂಗಳೂರಿನ ಲಾಲ್‌ಬಾಗಿಗೆ ಇಂದಿನ ಚೆಲುವು ತಂದ ಜರ್ಮನ್ ತೋಟಗಾರ ಕ್ರುಂಬಿಗಲ್ 1893ರಲ್ಲಿ ಭಾರತಕ್ಕೆ ಬಂದದ್ದು ಬರೋಡದ ಗಾಯಕವಾಡರ ಸೇವೆಗೆ, 1908ರಲ್ಲಿ ಮೈಸೂರು ಸಂಸ್ಥಾನ ಅವನನ್ನು ಬರಮಾಡಿಕೊಂಡಿತು.

ಬರೋಡದಲ್ಲೂ ಒಂದು ಲಾಲ್‌ಬಾಗ್ ಇದೆ. ಅಲ್ಲಿನ ಪ್ರತಾಪವಿಲಾಸ ಅರಮನೆಯಲ್ಲಿ 1952ರಲ್ಲಿ ರೈಲ್ವೆ ಅಧಿಕಾರಿಗಳ ತರಬೇತಿ ಕಾಲೇಜು ಶುರುವಾಯಿತು. ಅಲ್ಲಿ ಹಳಿ, ಸಿಗ್ನಲ್ಲುಗಳನ್ನು ಸಣ್ಣದಾಗಿ ಕಟ್ಟಿಟ್ಟ ಮಾದರಿ ಕೊಠಡಿ ಉಂಟು; ನಾಳೆ ಸಾವಿರಾರು ಜನರ ಜೀವಕ್ಕೆ ಹೊಣೆಯಾಗುವವರು ಪುಟ್ಟ ರೈಲಿನ ಮುಂದೆ ನಿಂತು ಪಾಠ ಕಲಿತಿದ್ದಾರೆ. ಆಟಿಕೆಯಾ ರೈಲಾ ಎಂದ ಮಗಳಿಗೆ ತೋರಿಸಬೇಕಾದ ಜಾಗ. ಅವಳಿಗೆ ಪ್ರವೇಶವಿಲ್ಲ.

ಅಹಮದಾಬಾದಿನ ಕಾಂಕರಿಯಾ ಕೆರೆಯ ದಂಡೆಗೆ ಮಾತ್ರ ಎಲ್ಲರಿಗೂ ಪ್ರವೇಶ. 1451ರಲ್ಲಿ ಸುಲ್ತಾನ್ ಕುತುಬುದ್ದೀನನ ಕಾಲದಲ್ಲಿ ಪೂರ್ತಿಯಾದ ಕೆರೆ. 2008ರ ಡಿಸೆಂಬರಿನಿಂದ ಅದರ ಸುತ್ತ 'ಅಟಲ್ ಎಕ್ಸ್‌ಪ್ರೆಸ್' ಓಡುತ್ತಿದೆ. ಇಂಗ್ಲೆಂಡಿನ ಸೆವರ್ನ್ ಲ್ಯಾಂಬ್ ಕಂಪನಿ ಕಟ್ಟಿದ ರೈಲು. ಶೇಕ್ಸ್‌ಪಿಯರನ ಊರಿನ ಕಡೆಯ ಕಂಪನಿ ಎಂದು ತಿಳಿದಾಗ ನನ್ನ ಎಂ.ಎ. ಪದವಿಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು ಎಂದು ಹೆಂಡತಿ ನಕ್ಕಳು. ಹೊರನೋಟಕ್ಕೆ ಉಗಿ ಎಂಜಿನ್: ಹೊಗೆಕೊಳವೆ, ಗುಮ್ಮಟ, ಮುಂದಿನ ದೀಪ ಎಲ್ಲ ಇವೆ. ಒಳಗೆ ಡೀಸೆಲ್. ಬೆಂಗಳೂರಿನ ಕಬ್ಬನ್ ಪಾರ್ಕಿನ ಬಾಲಭವನದ 'ಪುಟಾಣಿ ಎಕ್ಸ್‌ಪ್ರೆಸ್'ನಿಂದ ಹಿಡಿದು ನಮ್ಮ ಎಲ್ಲ ಊರುಗಳಲ್ಲೂ ನಡಿಗೆಯ ವೇಗದ ಈ ರೈಲುಗಳಿಗೆ ಎಕ್ಸ್‌ಪ್ರೆಸ್ ಎಂದೇ ಹೆಸರಿಡುವುದು ಏಕೋ. ಮಗಳಿಗೆ ಅಟಲ್ ಎಕ್ಸ್‌ಪ್ರೆಸ್ ಬಲು ಇಷ್ಟ. ನನಗೂ ಸಂಜೆಯ ಕೆರೆಗಾಳಿಯಲ್ಲಿ ಅದರೊಳಗೆ ಕೂರುವುದು ಇಷ್ಟವೇ. ಆದರೆ ಅಲ್ಲಿ ಬೆಂಕಿಯ ಬಾಯಿ ಎಲ್ಲಿ ಎಂದು ಅವಳು ಕೇಳಲಿಲ್ಲ. ಕೇಳುವಂಥದ್ದು ಅಲ್ಲೇನೂ ಇರಲಿಲ್ಲ.

ಈಗ ನಡೆದಿರುವ ಅದಲು ಬದಲು ಹೀಗಿದೆ. ಆಡಲೆಂದು ಮಾಡಿದ ರೈಲು ಎಕ್ಸ್‌ಪ್ರೆಸ್ ಆಯಿತು. ನಿಜವಾಗಿ ದುಡಿದ ರೈಲು ಜನರ ಬಾಯಲ್ಲಿ 'ಟಾಯ್ ಟ್ರೇನ್' ಆಯಿತು. ಡಭೋಯಿಯ ಹಳೆಯ ಹಳಿಗಳ ಜಾಗದಲ್ಲಿ ಅಗಲ ಹಳಿ ಬಂದು, 2021ರ ಜನವರಿಯಲ್ಲಿ ಕೇವಡಿಯಾವರೆಗಿನ ಮಾರ್ಗ ತೆರೆದಾಗ ಡಭೋಯಿ ನಿಲ್ದಾಣಕ್ಕೂ ಹೊಸ ಕಟ್ಟಡ ಬಂತು. ಬಿಲಿಮೋರಾ–ವಘಾಯಿ ರೈಲನ್ನು ಕೊರೋನಾ ಕಾಲದಲ್ಲಿ ನಿಲ್ಲಿಸಿ, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮತ್ತೆ ಓಡಿಸಿದಾಗ ಹವಾನಿಯಂತ್ರಿತ ಬೋಗಿಯೊಂದನ್ನು ಸೇರಿಸಿದರು. ಪರಂಪರೆಯ ಹಳಿಯೆಂದು ಉಳಿಸಿಕೊಂಡಿದ್ದಾರೆ. ಅಗಲ ಹಳಿ ಬಂದದ್ದು ತಪ್ಪೆಂದು ನಾನು ಹೇಳಲಾರೆ. ಡಭೋಯಿಯ ರೈತನಿಗೆ ನನ್ನ ಹಳಹಳಿಕೆ ಬೇಕಿಲ್ಲ, ಬೇಗ ಮುಟ್ಟುವ ಗಾಡಿ ಬೇಕು. ನನ್ನ ತಕರಾರು ಆ 'ಟಾಯ್' ಎಂಬ ಪದದ ಮೇಲೆ. ಎತ್ತು ಎಳೆದ, ಹತ್ತಿ ಹೊತ್ತ, ನೂರೈವತ್ತು ವರ್ಷ ಊರೂರಿಗೆ ಜನರನ್ನು ಮುಟ್ಟಿಸಿದ ರೈಲಿಗೆ ಆಟಿಕೆಯೆಂದರೆ ಅದರ ಬೆಂಕಿಯ ಮುಂದೆ ನಿಂತವರ ದುಡಿಮೆಯೂ ಆಟವಾಗಿಬಿಡುತ್ತದೆ.

ನಿಂತವರಲ್ಲಿ ಒಬ್ಬರು ನಮ್ಮ ಸೊಸೈಟಿಯಲ್ಲೇ, ಕೆಳಗಿನ ಮನೆಯಲ್ಲಿ ಮಗನ ಜೊತೆಗಿದ್ದಾರೆಂಬುದು ನನಗೆ ಗೊತ್ತಾದದ್ದು ಆ ಸಂಪುಟದಿಂದಲೇ. ಲಿಫ್ಟ್ ಕೆಟ್ಟ ದಿನ ಮೆಟ್ಟಿಲ ಮೇಲೆ ಅದನ್ನು ನನ್ನ ಕೈಯಲ್ಲಿ ಕಂಡು, ತೆಗೆದು ನೋಡಿ, "ಇಂಜೆಕ್ಟರ್!" ಎಂದರು. ಉಗಿಯ ಕೊನೆಯ ವರ್ಷಗಳಲ್ಲಿ ಡಭೋಯಿ ಕಡೆಯ ನ್ಯಾರೋಗೇಜ್ ಎಂಜಿನುಗಳಲ್ಲಿ, 'ಝಡ್‌ಬಿ' ಎಂಬ ಜಾತಿಯವು, ಫಾಯರ್‌ಮನ್ ಆಗಿದ್ದವರು. ಎಲ್ಲರಿಗೂ ಅವರು ಕಾಕಾ. ನನ್ನ ಗುಜರಾತಿ ಅರೆಬರೆ, ಅವರ ಹಿಂದಿಯೂ ಹಾಗೆಯೇ; ಎಂಜಿನಿನ ಮಾತಿಗೆ ಎರಡೂ ಸಾಕಾದವು. ಚಿತ್ರದಲ್ಲಿದ್ದ ಟೈ ಕಟ್ಟಿದ ಮನುಷ್ಯನನ್ನು ತೋರಿಸಿ, "ಇವರು ಸಂಬಳವಿಲ್ಲದೆ ಇದನ್ನು ಮಾಡುತ್ತಾರೆ ಕಾಕಾ" ಎಂದೆ. ಅವರು ಬಹಳ ಹೊತ್ತು ನೋಡಿದರು. "ನೀರು ಸರಿಯಾಗಿ ನೋಡಿಕೊಂಡಿದ್ದಾನೆ," ಎಂದರು. "ಕೂತಿರುವ ರೀತಿ ನೋಡು. ಕಣ್ಣು ಗಾಜಿನ ಮೇಲಿದೆ."

ನಾನು ಹೊಗೆ ನೋಡಿದ್ದೆ, ಟೈ ನೋಡಿದ್ದೆ. ಆ ಮನುಷ್ಯ ಎಲ್ಲಿ ನೋಡುತ್ತಿದ್ದಾನೆಂದು ನೋಡಿರಲಿಲ್ಲ. ಬೆಂಕಿಪೆಟ್ಟಿಗೆಯ ನೆತ್ತಿಯ ಮೇಲೆ ಸದಾ ನೀರು ನಿಂತಿರಬೇಕು. ಅದು ಇಳಿದರೆ ಅಲ್ಲಿರುವ ಸೀಸದ ಬಿರಡೆ ಕರಗಿ, ಉಗಿ ಬೆಂಕಿಯ ಮೇಲೆ ನುಗ್ಗುತ್ತದೆ. ಬಾಯ್ಲರ್ ಸಿಡಿಯುವ ಮುನ್ನ ಸಿಗುವ ಎಚ್ಚರಿಕೆ ಅದು. ಬಿರಡೆ ಕರಗಿಸಿದವನೆಂಬ ಹೆಸರು ಫಾಯರ್‌ಮನ್ನನಿಗೆ ಜನ್ಮಕ್ಕಂಟಿದ ಕಳಂಕವಂತೆ. ಡಭೋಯಿಯಲ್ಲೂ, ಹುಬ್ಬಳ್ಳಿಯಲ್ಲೂ, ಆ ಇಂಗ್ಲಿಷ್ ತೋಟದಲ್ಲೂ ಈ ನಿಯಮ ಒಂದೇ.

ಆಗ ಹಿಂದೆ ಹೇಳುತ್ತೇನೆಂದ ಸಂಗತಿ ನೆನಪಾಯಿತು. ಹುಬ್ಬಳ್ಳಿಯ ಸಿದ್ಧಾರೂಢರ ಜಾತ್ರೆಯಲ್ಲಿ ತಗಡಿನ ದೋಣಿ ಮಾರುತ್ತಿದ್ದರು. ನೀವೂ ಕಂಡಿರುತ್ತೀರಿ: ಅಂಗೈಯಷ್ಟು ದೋಣಿ, ಒಳಗೆ ಎಣ್ಣೆಯ ಬತ್ತಿ, ಹಿಂದೆ ನೀರಿಗಿಳಿದ ಎರಡು ಸಣ್ಣ ಕೊಳವೆ. ಬತ್ತಿ ಹಚ್ಚಿದರೆ ಪಟ್ ಪಟ್ ಎಂದು ಸದ್ದು ಮಾಡುತ್ತ ಬೋಗುಣಿಯಲ್ಲಿ ಸುತ್ತುತ್ತದೆ. ಚಕ್ರವಿಲ್ಲ, ದಂಡವಿಲ್ಲ, ತಗಡಿನ ಪುಟ್ಟ ಬಾಯ್ಲರಿನಲ್ಲಿ ನೀರು ಉಗಿಯಾಗಿ ಹೊರಚಿಮ್ಮುವುದು, ಮತ್ತೆ ಒಳಕ್ಕೆಳೆಯುವುದು, ಅಷ್ಟೇ. ತೋಮಾ ಪಿಯೋ ಎಂಬವನು 1891ರಲ್ಲಿ ಇದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದಿದ್ದ. ನಮ್ಮ ಜಾತ್ರೆಗಳಲ್ಲಿ ಬಡವರ ಮಕ್ಕಳ ಕೈಗೂ ಎಟುಕಿದ ಉಗಿಯಂತ್ರವೆಂದರೆ ಇದೊಂದೇ ಇರಬೇಕು. ಅಜ್ಜ ಅದನ್ನು ಕೊಡಿಸಿದ ಸಂಜೆ ನಾನು ಆತುರಕ್ಕೆ ಬತ್ತಿ ಹಚ್ಚಲು ಹೋದೆ. ಅಜ್ಜ ನನ್ನ ಕೈ ಹಿಡಿದರು, ಬೆಂದ ಚರ್ಮದ ಆ ಕೈಯಿಂದ. "ತಮ್ಮಾ, ನೀರು ಮೊದ್ಲ, ಬೆಂಕಿ ಆಮ್ಯಾಲ," ಎಂದರು. ಕೊಳವೆಗೆ ಹನಿಹನಿಯಾಗಿ ನೀರು ತುಂಬಿಸಿ, ಬೆರಳಿನಿಂದ ಬಾಯಿ ಮುಚ್ಚಿ, ದೋಣಿಯನ್ನು ನೀರಿಗಿಟ್ಟು, ಆಮೇಲೆ ಬತ್ತಿ ಹಚ್ಚಿದರು. ಬೋಗುಣಿಯ ಮುಂದೆ ನನಗಿಂತ ಹೆಚ್ಚು ಹೊತ್ತು ಕುಳಿತವರು ಅವರೇ. ಅವ್ವ ಊಟಕ್ಕೆ ಕರೆದರೂ ಏಳಲಿಲ್ಲ.

ಕಳೆದ ತಿಂಗಳು ರವಿವಾರಿಯಲ್ಲಿ ಅಂಥದೇ ದೋಣಿ ಕಂಡಿತು. ಸಂಜೆ ಕಾಕಾ ಅವರ ಮನೆಯ ಜಗಲಿಯಲ್ಲಿ ಹಿಟ್ಟು ನಾದುವ ದೊಡ್ಡ ಪರಾತಕ್ಕೆ ನೀರು ತುಂಬಿ ಇಟ್ಟೆವು. ಮಗಳು ಬೆಂಕಿಪೊಟ್ಟಣ ತೆಗೆದಳು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅವಳ ಕೈಯಿಂದ ದೋಣಿಯನ್ನು ಮೆಲ್ಲಗೆ ತೆಗೆದುಕೊಂಡು, ತಿರುಗಿಸಿ, ಕೊಳವೆಯ ಬಾಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು.

"ಪೆಹಲಾಂ ಪಾಣಿ, ಬೇಟಾ," ಎಂದರು.